ಗುಜರಿಗೆ ಹಾಕೂಕಿಂತ ಮೊದಲ ಹಿಂದಿನ ನಂಬರ್ ಓದ್ರಿ: ಹಳೆ ಜಪಾನಿ ಸೆಲ್ ವಾಚ್ ಕೂಡಿಸೂದು ಹೆಂಗ

ಹುಬ್ಬಳ್ಳಿ-ಧಾರವಾಡದಾಗ ಹಳೆ ವಾಚ್ ಕೂಡಿಸೋ ಮಂದಿ ಕಡಿಮಿ ಏನಿಲ್ಲ, ಆದ್ರ ಎಲ್ಲಾರ ಕಣ್ಣು ಎಚ್‌ಎಂಟಿ ಜನತಾ, ಪೈಲಟ್, ಇಲ್ಲಾಂದ್ರ ಸೀಕೊ 5 ಆಟೊಮ್ಯಾಟಿಕ್ ಮ್ಯಾಲೇ ಇರ್ತೈತಿ. ಸೆಲ್ ವಾಚ್ ಅಂದಕೂಡ್ಲೆ "ಅದಕ್ಕೇನ್ರಿ ಕಿಮ್ಮತ್ತು, ಸೆಲ್ ಮುಗೀತು ವಾಚ್ ಮುಗೀತು" ಅಂತ ಪಕ್ಕಕ್ಕ ಸರಸ್ತಾರ. ಈ ಮಾತು ಈಗಿನ ಪ್ಲಾಸ್ಟಿಕ್ ಮಷಿನ್ ವಾಚಿಗೆ ಒಪ್ಪತೈತಿ, ಆದ್ರ 1970ರಿಂದ 1985ರ ಆಸುಪಾಸಿನ ತನಕ ಜಪಾನದಾಗ ಮಾಡಿದ ಕ್ವಾರ್ಟ್ಜ್ ವಾಚಿಗೆ ಒಪ್ಪೂದಿಲ್ಲ. ಆ ಕಾಲದ ಒಳ್ಳೆ ಮಷಿನ್ ಬಿಚ್ಚಿ ನೋಡಿದ್ರ ಪೂರಾ ಲೋಹದ ಪ್ಲೇಟ್, ಸ್ಕ್ರೂ, ಕೆಂಪು ಜ್ಯುವೆಲ್ (ಗಾಲಿಯ ಅಚ್ಚು ತಿರಗೋ ಸಣ್ಣ ಹರಳು), ಎಲ್ಲಾ ಬಿಡಿ ಬಿಡಿ ಬಿಚ್ಚಿ ತೊಳದು ಎಣ್ಣಿ ಹಚ್ಚಿ ಹೊಳ್ಳಿ ಕೂಡಸಬಹುದು, ಅಂದ್ರ ಚಾವಿ ಕೊಡೋ ವಾಚ್ ಹೆಂಗ ರಿಪೇರಿ ಆಗ್ತೈತೋ ಹಂಗ ಇದೂ ಆಗ್ತೈತಿ. ಇವು ಇನ್ನೂ ನಮ್ಮ ಕಡೆ ಕಪಾಟಿನ್ಯಾಗ, ಟ್ರಂಕಿನ್ಯಾಗ ಬಿದ್ದಾವ, ರೇಟೂ ಏರಿಲ್ಲ, ಆದ್ರ ದಿನಾ ಒಂದಿಷ್ಟು ಗುಜರಿಗೆ ಹೋಗಾಕತ್ತಾವ. ಅದಕ್ಕ ಈ ಬರಹ.

ಮೊದಲ ಸ್ವಲ್ಪ ಹಿನ್ನೆಲೆ ಹೇಳ್ತೇನಿ, ಯಾಕಂದ್ರ ಇದು ಗೊತ್ತಿದ್ರ ಯಾವ ವಾಚ್ ಎತ್ಕೋಬೇಕು ಯಾವುದು ಬಿಡಬೇಕು ಅನ್ನೂದು ಅರ್ಧಾ ಅಲ್ಲೇ ತಿಳೀತೈತಿ. ಜಗತ್ತಿನ ಮೊದಲ ಕ್ವಾರ್ಟ್ಜ್ ಕೈಗಡಿಯಾರ ಸೀಕೊ ಆಸ್ಟ್ರಾನ್, 1969ರ ಡಿಸೆಂಬರ್ 25ಕ್ಕ ಟೋಕಿಯೋದಾಗ ಮಾರಾಟಕ್ಕ ಬಂತು, ಬೆಲೆ 4,50,000 ಯೆನ್. ಆಗ ಇದು ಶ್ರೀಮಂತರ ಸಾಮಾನು. ಮುಂದ ಸೀಕೊ, ಸಿಟಿಜನ್, ರಿಕೊ, ಓರಿಯೆಂಟ್, ಕ್ಯಾಸಿಯೊ ಎಲ್ಲಾರೂ ಇದರ ಹಿಂದ ಬಿದ್ರು, ವರ್ಷ ವರ್ಷ ರೇಟ್ ಇಳಕೋತ ಬಂತು, ಮಷಿನ್ ತೆಳ್ಳಗ ಆಗ್ತಾ ಬಂತು, ಕಡೀಕೆ ಪ್ಲಾಸ್ಟಿಕ್ ಬಂತು. ನಡುವಿನ ಆ ಹದಿನೈದು ವರ್ಷದಾಗ ಒಬ್ಬರಿಗಿಂತ ಒಬ್ಬರು ಮುಂದ ಹೋಗಬೇಕು ಅಂತ ಹಟಕ್ಕ ಬಿದ್ದು ಮಾಡಿದ ಮಷಿನ್ ಅದಾವ ನೋಡ್ರಿ, ಅವೇ ನಾವು ಹುಡುಕೂದು.

ಒಳಗ ಏನ್ ನಡೀತೈತಿ ಅಂದ್ರ, ಸೆಲ್‌ನಿಂದ ಕರೆಂಟ್ ಹೋದಕೂಡ್ಲೆ ಸಣ್ಣ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸ್ತೈತಿ, ಐಸಿ ಅನ್ನೋ ಸಣ್ಣ ಚಿಪ್ ಆ ಸಂಖ್ಯೆನ ಅರ್ಧಾ ಅರ್ಧಾ ಮಾಡ್ಕೋತ ಹೋಗ್ತೈತಿ, 15 ಸಲ ಅರ್ಧಾ ಮಾಡಿದ್ರ ಬರೋಬರಿ ಸೆಕೆಂಡಿಗೆ ಒಂದು ಉಳೀತೈತಿ. ಆ ಒಂದು ಪಲ್ಸ್ ಕಾಯಿಲ್‌ಗೆ ಹೋಗ್ತೈತಿ, ಕಾಯಿಲ್ ಸಣ್ಣ ಮೋಟರ್ ಒಂದು ಹೆಜ್ಜಿ ತಿರಗಸ್ತೈತಿ, ಗಾಲಿ ತಿರಗ್ತಾವ, ಮುಳ್ಳು ಜಿಗೀತೈತಿ. ಅಂದ್ರ ಕೆಡಾಕ ಮುಖ್ಯವಾಗಿ ನಾಕ ಜಾಗ: ಸೆಲ್ ಕೂಡೋ ಪಾಯಿಂಟ್, ಸರ್ಕಿಟ್, ಕಾಯಿಲ್, ಗಾಲಿ. ವಾಚ್ ನಿಂತೈತಿ ಅಂದ್ರ ಈ ನಾಕರಾಗ ಯಾವುದು ಅಂತ ಹುಡುಕಬೇಕು, ಮುಂದ ಎಲ್ಲಾ ಇದರ ಮ್ಯಾಲೇ ನಿಂತೈತಿ.

ಈಗ ಯಾವ ಹೆಸರು ನೋಡಬೇಕು. ನಮ್ಮ ಕಡೆ ಸಿಗೂವು ಒಂದು ತರಾ, ಜಪಾನದಿಂದ ತರಸಬೇಕಾದ್ದು ಇನ್ನೊಂದು ತರಾ, ಎರಡನ್ನೂ ಕಲಸಬ್ಯಾಡ್ರಿ. ಇಲ್ಲಿ ಸಿಗೂವು ಹೆಚ್ಚಾಗಿ ಗಲ್ಫಿಗೆ ದುಡಿಯಾಕ ಹೋದವರು ಊರಿಗೆ ಬರುವಾಗ ತಂದದ್ದು, ಇಲ್ಲಾಂದ್ರ ಭಟ್ಕಳ, ಗೋವಾ ಕಡೆಯಿಂದ "ಫಾರಿನ್ ಮಾಲ್" ಅಂತ ಬಂದದ್ದು. ಸೀಕೊ ಎಸ್‌ಕ್ಯೂ ಅಂತ ಡಯಲ್ ಮ್ಯಾಲ ಇರೂವು, ಸೀಕೊ ಸ್ಪೋರ್ಟ್ಸ್ 100, ಸಿಟಿಜನ್ ಕ್ವಾರ್ಟ್ಜ್, ರಿಕೊ ಕ್ವಾರ್ಟ್ಜ್, ಆಲ್ಬಾ, ಮತ್ತ ಕ್ಯಾಸಿಯೊ. ಇವುಗಳ ವಾರದ ಗಾಲಿ ತಿರುಗಿಸಿ ನೋಡ್ರಿ, ಒಂದು ಸಲ ಇಂಗ್ಲಿಷ್ ಬರ್ತೈತಿ, ಮುಂದಿನ ಸಲ ಅರಬ್ಬಿ ಅಕ್ಷರ ಬಂತಂದ್ರ ಆ ವಾಚ್ ಗಲ್ಫ್ ಮಾರ್ಕೆಟ್ಟಿಗೆ ಮಾಡಿದ್ದು. ಜಪಾನಿ ಅಕ್ಷರ ಬಂತಂದ್ರ ಅದು ಅವರ ದೇಶದಾಗ ಮಾರಾಕ ಮಾಡಿದ ಪೀಸ್, ಇಲ್ಲಿ ಅಪರೂಪ, ಕಂಡ್ರ ಬಿಡಬ್ಯಾಡ್ರಿ.

ಜಪಾನದೊಳಗಿನ ಪೀಸಿನ್ಯಾಗ ಎಲ್ಲಾರೂ ಸೀಕೊ ಗ್ರ್ಯಾಂಡ್ ಕ್ವಾರ್ಟ್ಜ್ ಹಿಂದ ಓಡ್ತಾರ, ಅದರ ರೇಟ್ ಈಗಾಗ್ಲೇ ಏರೇತಿ. ನನ್ನ ಕೇಳಿದ್ರ ಅದರ ತಮ್ಮ ಅನ್ನಬಹುದಾದ ಕಿಂಗ್ ಕ್ವಾರ್ಟ್ಜ್ ತೊಗೋರಿ, ಫಿನಿಶಿಂಗ್ ಭಾಳ ಹತ್ರ ಐತಿ, ರೊಕ್ಕ ಕಡಿಮಿ. ಇನ್ನೂ ಕಡಿಮಿಗೆ ಬೇಕಂದ್ರ ಸೀಕೊ ಟೈಪ್ 2, ಇದು 1970ರ ದಶಕದ ಕೊನೆಗೆ ಸಾಮಾನ್ಯ ಮಂದಿಗೆ ಅಂತ ಬಿಟ್ಟ ಸಾಲು, ಹೆಸರು ದೊಡ್ಡದಿಲ್ಲ ಅಂತ ಯಾರೂ ಕೇಳೂದಿಲ್ಲ, ಆದ್ರ ಒಳಗಿನ ಮಷಿನ್ ಛಲೋ ಐತಿ. ಸಿಟಿಜನ್ ಕಡೆ ಬಂದ್ರ ಕ್ರಿಸ್ಟ್ರಾನ್ ಅನ್ನೋ ಹೆಸರು ನೆನಪಿಟ್ಕೋರಿ. ಇದೇ ಹೆಸರಿನ್ಯಾಗ ಸಿಟಿಜನ್‌ನವರು 1975ರಾಗ ಕ್ರಿಸ್ಟ್ರಾನ್ ಮೆಗಾ ಬಿಟ್ರು, ಹರಳು ಸೆಕೆಂಡಿಗೆ 41,94,304 ಸಲ ಕಂಪಿಸೋದು, ವರ್ಷಕ್ಕ 3 ಸೆಕೆಂಡಿಗಿಂತ ಜಾಸ್ತಿ ಹಿಂದ ಮುಂದ ಆಗೂದಿಲ್ಲ ಅಂತ ಹೇಳಿದ್ರು. 1976ರಾಗ ಕ್ರಿಸ್ಟ್ರಾನ್ ಸೋಲಾರ್ ಸೆಲ್, ಮುಳ್ಳಿನ ವಾಚಿನ್ಯಾಗ ಬಿಸಲಿನಿಂದ ನಡಿಯೋ ಮೊದಲನೇದ್ದು. ಈ ಎರಡೂ ನಮ್ಮಂಥವರ ಕೈಗೆ ಬರೂದು ಕಠಿಣ, ಆದ್ರ ಸಾದಾ ಕ್ರಿಸ್ಟ್ರಾನ್ ಆರಾಮ ಸಿಗ್ತಾವ, ಡಯಲ್ ಮ್ಯಾಲಿನ ಕೆಲಸ ನೋಡಿದ್ರ ಕಣ್ಣು ತಣ್ಣಗ ಆಗ್ತೈತಿ.

ರಿಕೊ ಬಗ್ಗೆ ಒಂದ್ ಮಾತು. ನಮ್ಮ ಮಂದಿಗೆ ರಿಕೊ ಅಂದ್ರ ಬಣ್ಣ ಬಣ್ಣದ ಡಯಲ್ ಬಡದು ಮುಂಬೈಯಿಂದ ಬರೋ ಆಟೊಮ್ಯಾಟಿಕ್ ಅಷ್ಟ ಗೊತ್ತು, ಅದರಿಂದ ಹೆಸರು ಕೆಟ್ಟೈತಿ. ಖರೇ ಅಂದ್ರ ರಿಕೊದವರು 1962ರಾಗ ಟಕಾನೊ ಅನ್ನೋ ವಾಚ್ ಕಂಪನಿ ಕೈಗೆ ತೊಗೊಂಡು ಈ ಧಂದೆಕ್ಕ ಬಂದವರು, ಅವರ ರಿಕ್ವಾರ್ಟ್ಜ್ ಸಾಲಿನ ವಾಚ್ ಘಟ್ಟಿ ಸ್ಟೀಲಿನ ಕೇಸ್, ತೂಕ ಐತಿ, ಹಳೆ ಡಯಲ್ ಹಂಗೇ ಉಳದಿರ್ತೈತಿ ಯಾಕಂದ್ರ ಸೆಲ್ ವಾಚಿಗೆ ಬಣ್ಣ ಬಡಿಯೋ ತ್ರಾಸ್ ಯಾರೂ ತೊಗೊಳ್ಳಂಗಿಲ್ಲ. ಸೆಲ್ ವಾಚಿನ್ಯಾಗ ಒರಿಜಿನಲ್ ಡಯಲ್ ಸಿಗೋ ಚಾನ್ಸ್ ಆಟೊಮ್ಯಾಟಿಕ್‌ಕಿಂತ ಭಾಳ ಜಾಸ್ತಿ ಅನ್ನೂದು ಇದೇ ಕಾರಣಕ್ಕ.

ಇನ್ನ ಸೀಕೊ 7ಎ28. ಇದು 1983ರ ಮಷಿನ್, ಜಗತ್ತಿನ ಮೊದಲ ಮುಳ್ಳಿನ ಕ್ವಾರ್ಟ್ಜ್ ಕ್ರೋನೊಗ್ರಾಫ್ (ಸ್ಟಾಪ್‌ವಾಚ್ ಇರೋ ವಾಚ್), ಒಳಗ 15 ಜ್ಯುವೆಲ್, ನಾಕ ಮೋಟರ್, ಸೆಕೆಂಡಿನ 20ನೇ ಒಂದು ಭಾಗ ಅಳೀತೈತಿ. ಬಟನ್ ಒತ್ತಿದ್ರ ಸಣ್ಣ ಡಯಲ್ ಮುಳ್ಳು ಗರಗರ ಓಡೂದು ನೋಡಿದವರು ಇದನ್ನ ಬಿಡೂದಿಲ್ಲ. ಪೂರಾ ಬಿಚ್ಚಿ ಸರ್ವಿಸ್ ಮಾಡಬಹುದು. ಆದ್ರ ಇದನ್ನ ಮೊದಲನೇ ವಾಚ್ ಅಂತ ತೊಗೋಬ್ಯಾಡ್ರಿ, ಕೆಟ್ಟ ಪೀಸ್ ಸಿಕ್ರ ರಿಪೇರಿ ಮಾಡೋರು ಹುಬ್ಬಳ್ಳ್ಯಾಗ ಬೆರಳಿನ್ಯಾಗ ಎಣಿಸಬೇಕು.

ಹೆಸರಿಗಿಂತ ನಂಬರ್ ಮುಖ್ಯ, ಇದನ್ನ ಮನಸಿನ್ಯಾಗ ಇಟ್ಕೋರಿ. ಸೀಕೊ ಹಿಂದಿನ ಮುಚ್ಚಳದ ಮ್ಯಾಲ 7546-8070 ಈ ತರಾ ನಾಕ ಅಂಕಿ, ಅಡ್ಡ ಗೆರಿ, ಮತ್ತ ನಾಕ ಅಂಕಿ ಇರ್ತಾವ. ಮೊದಲಿನ ನಾಕು ಒಳಗಿನ ಮಷಿನ್ ನಂಬರ್, ಆಮ್ಯಾಲಿನ ನಾಕು ಕೇಸಿನ ನಂಬರ್. ಬ್ಯಾರೆ ಜಾಗದಾಗ ಆರ ಅಂಕಿ ಸೀರಿಯಲ್ ಇರ್ತೈತಿ, ಅದರ ಮೊದಲ ಅಂಕಿ ಇಸ್ವಿ, ಎರಡನೇದ್ದು ತಿಂಗಳು. ತಿಂಗಳಿಗೆ 1ರಿಂದ 9 ಅಂಕಿ, ಅಕ್ಟೋಬರಿಗೆ ಓ, ನವೆಂಬರಿಗೆ ಎನ್, ಡಿಸೆಂಬರಿಗೆ ಡಿ. 8ಎನ್ ಅಂತ ಶುರು ಆದ್ರ ಕಡೀ ಅಂಕಿ 8 ಇರೋ ವರ್ಷದ ನವೆಂಬರ್. ಯಾವ ದಶಕ ಅಂತ ಅದು ಹೇಳೂದಿಲ್ಲ, ಮಷಿನ್ ನಂಬರ್ ನೋಡಿ ನೀವೇ ತೀರ್ಮಾನ ಮಾಡಬೇಕು, 7546 ಮಷಿನ್ ಆದ್ರ 1978. ಸಿಟಿಜನ್‌ದಾಗ ಮೊದಲ ಅಂಕಿ ವರ್ಷ, ಮುಂದಿನ ಎರಡು ತಿಂಗಳು. ಅಲ್ಲಿ ಜಿಎನ್-4-ಎಸ್ ಅಂತ ಬರದಿದ್ರ ಅದನ್ನೇ ಮಾಡೆಲ್ ಅಂತ ತಿಳಕೊಂಡು ಹುಡುಕಬ್ಯಾಡ್ರಿ, ಅದು ಕೇಸಿನ ಕೋಡ್, ಸಾವಿರಾರು ಸಿಟಿಜನ್ ಮ್ಯಾಲ ಅದೇ ಇರ್ತೈತಿ. ಕ್ಯಾಸಿಯೊದಾಗ ಸಣ್ಣ ಚೌಕಟ್ಟಿನೊಳಗ ಇರೋ ಅಂಕಿನೇ ಮಾಡ್ಯೂಲ್ ನಂಬರ್, ಅದು ಹಿಡಕೊಂಡು ಹೋದ್ರ ಸೆಟ್ಟಿಂಗ್ ಹೆಂಗ ಮಾಡೂದು ಅನ್ನೂದೂ ಸಿಗ್ತೈತಿ.

ಹಿಂದಿನ ನಂಬರ್ ಓದಿದ ಮ್ಯಾಲ ಮುಂದ ತಿರುಗಿಸಿ ಡಯಲ್ ಕೆಳಗ 6ರ ಹತ್ರ ನೋಡ್ರಿ, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಾಗ ಡಯಲ್ ಕೋಡ್ ಇರ್ತೈತಿ, ಮೊಬೈಲ್ ಕ್ಯಾಮೆರಾ ಝೂಮ್ ಮಾಡಿದ್ರ ಕಾಣ್ತೈತಿ. ಸೀಕೊದಾಗ ಡಯಲ್ ಕೋಡಿನ ಮೊದಲ ನಾಕ ಅಂಕಿ ಹಿಂದಿನ ಮುಚ್ಚಳದ ಮೊದಲ ನಾಕಕ್ಕ ಕೂಡಬೇಕು. ಕೂಡಲಿಲ್ಲಾಂದ್ರ ಡಯಲ್ ಬ್ಯಾರೆ ವಾಚಿಂದು, ಇಲ್ಲಾಂದ್ರ ಮುಚ್ಚಳ ಬ್ಯಾರೇದ್ದು. ಕೂಡಿದ್ರೂ ಪೂರಾ ನಂಬಬ್ಯಾಡ್ರಿ, ಮುಚ್ಚಳ ತಗದು ಒಳಗಿನ ಮಷಿನ್ ಮ್ಯಾಲೂ ಅದೇ ನಂಬರ್ ಐತೇನು ನೋಡಬೇಕು, ಯಾಕಂದ್ರ ಹಳೆ ಮಷಿನ್ ನಿಂತಾಗ ರಿಪೇರಿಯವರು ಅದನ್ನ ಒಗದು ಸಸ್ತಾ ಪ್ಲಾಸ್ಟಿಕ್ ಮಷಿನ್ ಕೂಡಿಸಿ ಕೊಟ್ಟದ್ದು ಭಾಳ ಕಡೆ ಐತಿ. ವಾಚ್ ನಡೀತೈತಿ, ಟೈಮ್ ತೋರಸ್ತೈತಿ, ಆದ್ರ ನಾವು ಹುಡುಕೋ ವಸ್ತು ಒಳಗ ಇರಂಗಿಲ್ಲ.

ಇನ್ನೊಂದು ತಿಳಕೊಳ್ಳೂದು ಐತಿ. ಸೆಲ್ ಹಾಕೋ ಹಳೆ ವಾಚೆಲ್ಲಾ ಕ್ವಾರ್ಟ್ಜ್ ಅಲ್ಲ. ಸಿಟಿಜನ್ ಕಾಸ್ಮೊಟ್ರಾನ್ ಅಂತ ಬರ್ತಾವ, ಅದರಾಗ ಸೆಲ್ ಇದ್ರೂ ಒಳಗ ಹರಳಿನ ಬದಲಿ ಚಾವಿ ವಾಚಿನಂಗ ಆ ಕಡೆ ಈ ಕಡೆ ಆಡೋ ಬ್ಯಾಲೆನ್ಸ್ ಗಾಲಿನೇ ಟೈಮ್ ಹಿಡಿಯೂದು. ಸೆಕೆಂಡ್ ಮುಳ್ಳು ಸೆಕೆಂಡಿಗೊಮ್ಮೆ ಟಕ್ ಅಂತ ಜಿಗಿದ್ರ ಕ್ವಾರ್ಟ್ಜ್, ಆಟೊಮ್ಯಾಟಿಕ್ ಹಂಗ ಸರಸರ ಹರದ್ರ ಬ್ಯಾರೇದ್ದು. ಅದೂ ಕೂಡಿಸಾಕ ಛಲೋನೇ, ಆದ್ರ ರಿಪೇರಿ ದಾರಿ ಬ್ಯಾರೆ. ಮತ್ತ ಸೆಕೆಂಡ್ ಮುಳ್ಳು ಎರಡೆರಡು ಸೆಕೆಂಡ್ ಒಮ್ಮೆಲೇ ಜಿಗ್ಯಾಕತ್ತಿದ್ರ ಹೆದರಬ್ಯಾಡ್ರಿ, ಸೆಲ್ ಮುಗಿಯಾಕ ಬಂದೈತಿ ಅಂತ ವಾಚ್ ತಾನೇ ಹೇಳಾಕತ್ತೈತಿ. ಅಂಗಡ್ಯಾವ ಗೊತ್ತಿಲ್ಲದ "ಕೆಟ್ಟೈತ್ರಿ" ಅಂತ ಕಡಿಮಿಗೆ ಕೊಡ್ತಾನ, ನೀವು ಹೊಸ ಸೆಲ್ ಹಾಕಿದ್ರ ಸಾಕು.

ಎಲ್ಲಿ ಹುಡುಕಬೇಕು ಅಂದ್ರ ಮೊದಲ ಮನಿ. ಅಜ್ಜ, ಕಾಕಾ, ಸ್ವಾದರ ಮಾವ, ರಿಟೈರ್ ಆದ ಮಾಸ್ತರು, ರೈಲ್ವೆದಾಗ ಇದ್ದವರು, ಗಲ್ಫಿಗೆ ಹೋಗಿ ಬಂದವರು, ಇವರನ್ನ ಕೇಳ್ರಿ. "ನಿಂತ್ ಹೋದ ವಾಚ್ ಏನರ ಅದಾವೇನ್ರಿ" ಅಂತ ಕೇಳಬೇಕು, "ಹಳೆ ವಾಚ್" ಅಂತ ಕೇಳಿದ್ರ ಎಚ್‌ಎಂಟಿ ತೋರಸ್ತಾರ, ಸೆಲ್ ವಾಚ್ ಅವರ ಲೆಕ್ಕದಾಗ ಹಳೇದ್ದೇ ಅಲ್ಲ. ಆಮ್ಯಾಲ ರಿಪೇರಿ ಅಂಗಡಿ. ಹುಬ್ಬಳ್ಳ್ಯಾಗ ದುರ್ಗದಬೈಲ್ ಸುತ್ತಮುತ್ತ, ಕೊಪ್ಪೀಕರ ರೋಡಿನ ಒಳಗಿನ ಸಂದಿ, ಧಾರವಾಡದಾಗ ಸುಭಾಸ ರೋಡ್ ಕಡೆ, ಗದಗ-ಬೆಟಗೇರಿ ಪ್ಯಾಟಿ, ಹಾವೇರಿ ಪ್ಯಾಟಿ, ಎಲ್ಲೇ ಹೋಗ್ರಿ ಒಂದು ಟೇಬಲ್, ಒಂದು ಗಾಜಿನ ಪೆಟ್ಟಿಗಿ, ಕಣ್ಣಿಗೆ ಐಗ್ಲಾಸ್ ಹಚ್ಚಿ ಕುಂತ ವಯಸ್ಸಾದ ರಿಪೇರಿಯವರು ಇನ್ನೂ ಸಿಗ್ತಾರ. ಇವರ ಕಡೆ ರಿಪೇರಿಗೆ ಕೊಟ್ಟು ಒಯ್ಯಾಕ ಬರದ ವಾಚ್ ಇರ್ತಾವ, ಬಿಡಿ ಸಾಮಾನಿಗೆ ಅಂತ ಇಟ್ಟ ಡಬ್ಬಿ ಇರ್ತೈತಿ. ಆ ಡಬ್ಬಿನೇ ನಿಜವಾದ ಖಜಾನೆ.

ಇವರಿಗೆ ಜಪಾನಿ ಮಷಿನ್ ಹೊಸಾದಲ್ಲ. ಎಚ್‌ಎಂಟಿ 1961ರಾಗ ಬೆಂಗಳೂರಾಗ ವಾಚ್ ಮಾಡಾಕ ಶುರು ಮಾಡಿದ್ದೇ ಸಿಟಿಜನ್ ಜೋಡಿ ಸೇರಿ, ಹೈದರಾಬಾದಿನ ಆಲ್ವಿನ್ ವಾಚಿಗೆ ಸೀಕೊ ಜೋಡಿ ಇತ್ತು. ಅದನ್ನೆಲ್ಲಾ ಬಿಚ್ಚಿ ಕೂಡಿಸಿದ ಕೈ ಅವು. ಹೋಗಿ ರೇಟ್ ಮಾತಾಡೂದಕ್ಕ ಮೊದಲ ಒಂದು ಸೆಲ್ ಹಾಕಸ್ರಿ, ಕುಂದ್ರಿ, ಮಾತಾಡ್ರಿ. ಅವಸರ ಮಾಡಿದವರಿಗೆ ಡಬ್ಬಿ ಹೊರಗ ಬರೂದಿಲ್ಲ.

ಇಂಥಾ ಒಂದ್ ಅಂಗಡ್ಯಾಗ ನಾ ಒಂದು ಸೀಕೊ ಎತ್ಕೊಂಡು "ಕಾಕಾ, ಇದರ ಹಿಂದಿನ ಮುಚ್ಚಳ ಒಂದ್ ಸ್ವಲ್ಪ ತಗೀರಿ" ಅಂದೆ. "ಅದು ನಡಿಯಂಗಿಲ್ಲ ತಮ್ಮಾ, ಸೆಲ್ ಹಾಕಿ ನೋಡೇನಿ" ಅಂದ್ರು. "ಇರಲಿ ತಗೀರಿ, ಒಳಗ ನೋಡೂನು." ತಗದ್ರು. ಸೆಲ್ ಕೂಡೋ ಗುಂಡಿ ದೊಡ್ಡದಿತ್ತು, ಅದರಾಗ ಸಣ್ಣ ಸೆಲ್ ಇಟ್ಟು ಸುತ್ತ ಬೀಡಿ ಪ್ಯಾಕೆಟ್ಟಿನ ಬೆಳ್ಳಿ ಹಾಳಿ ಮಡಚಿ ತುರುಕಿದ್ರು ಯಾರೋ ಹಿಂದ, ಆ ಹಾಳಿ ಪ್ಲಸ್‌ಗೂ ಮೈನಸ್‌ಗೂ ಹತ್ತಿಕೊಂಡು ಸೆಲ್ ಅಲ್ಲೇ ಶಾರ್ಟ್ ಆಗತಿತ್ತು. ಚಿಮಟಾದಿಂದ ಹಾಳಿ ತಗದು, ಪಾಯಿಂಟ್ ಒರಸಿ, ಬರೋಬರಿ ಸೈಜಿನ 301 ಸೆಲ್ ಹಾಕಿದಕೂಡ್ಲೆ ಮುಳ್ಳು ಟಕ್ ಅಂತು. ಕಾಕಾ ಐಗ್ಲಾಸ್ ತಗದು ನನ್ನ ಕಡೆ ನೋಡಿ "ಒಯ್ಯಿ, ಇದು ನಿಂದ" ಅಂದ್ರು. ಎಷ್ಟೋ ವಾಚ್ ಹಿಂಗೇ ಸತ್ತಾವ ಅಂತ ಡಬ್ಬಿ ಸೇರಿರ್ತಾವ, ಆದ್ದರಿಂದ ಮುಚ್ಚಳ ತಗಸದ ಯಾವ ವಾಚೂ ಬಿಡಬ್ಯಾಡ್ರಿ, ಹಂಗೇ ಮುಚ್ಚಳ ತಗಸದ ಯಾವ ವಾಚಿಗೂ ರೊಕ್ಕಾ ಕೊಡಬ್ಯಾಡ್ರಿ.

ಮುಚ್ಚಳ ತಗದ ಮ್ಯಾಲ ನೋಡೂದು ಹಿಂಗ. ಸೆಲ್ ಸುತ್ತ ಬಿಳಿ ಪುಡಿ, ಹಸರು ಪಾಚಿ ಕಂಡ್ರ ಸೆಲ್ ಸೋರೇತಿ. ಬರೇ ಪಾಯಿಂಟ್ ಮ್ಯಾಲ ಇದ್ರ ಒಗ್ಗತೈತಿ, ಅದೇ ಪಾಚಿ ಕಾಯಿಲ್ ತನಕ, ಸರ್ಕಿಟ್ಟಿನ ತನಕ ಹರದಿದ್ರ ಬಿಡ್ರಿ, ಡಯಲ್ಲು ಕೇಸಿನ ಸಲುವಾಗಿ ಬೇಕಂದ್ರ ಮಾತ್ರ ತೊಗೋರಿ. ಕಾಯಿಲ್ ಅಂದ್ರ ತಾಮ್ರದ ಬಣ್ಣದ ಸುತ್ತಿದ ತಂತಿ, ತಲಿಕೂದಲಕಿಂತ ಸಣ್ಣದು, ಚಿಮಟಾ ತುದಿ ಒಮ್ಮೆ ಹತ್ತಿದ್ರ ಹರೀತೈತಿ. ಹಳೆ ಮಷಿನ್‌ಗೆ ಹೊಸ ಕಾಯಿಲ್ ಅಂಗಡ್ಯಾಗ ಸಿಗಂಗಿಲ್ಲ, ಇನ್ನೊಂದು ಅದೇ ನಂಬರಿನ ಸತ್ತ ವಾಚಿನಿಂದಷ್ಟ ತಗೀಬೇಕು. ಅದಕ್ಕ ಮುಚ್ಚಳ ತಗಿಯೂದು ಕಲಿತ್ರೂ ಒಳಗ ಕೈ ಹಾಕೂದು ಕಲಿಯೂ ತನಕ ಕಾಯಿಲ್ ಕಡೆ ಹೋಗಬ್ಯಾಡ್ರಿ.

ಕಾಯಿಲ್ ಜೀವಂತ ಐತೋ ಇಲ್ಲೋ ಅಂತ ತಿಳಿಯಾಕ ಮಲ್ಟಿಮೀಟರ್ ಬೇಕು, ಎಲೆಕ್ಟ್ರಿಕ್ ಅಂಗಡ್ಯಾಗಿನ ಸಾದಾ ಡಿಜಿಟಲ್ ಮೀಟರ್ ಸಾಕು. ಸೆಲ್ ತಗದಿಟ್ಟು, ಮೀಟರ್ ಓಮ್ ಕಡೆ 20 ಕೆಗೆ ಇಟ್ಟು, ಕಾಯಿಲ್ಲಿನ ಎರಡೂ ತುದಿಯ ಅಗಲಾದ ಪಾಯಿಂಟಿಗೆ ಹಗೂರಕ ಹಚ್ಚಿ ನೋಡ್ರಿ, ತಂತಿಗೆ ಅಲ್ಲ. ಸಾಮಾನ್ಯವಾಗಿ ಒಂದರಿಂದ ಮೂರು ಕಿಲೋ ಓಮ್ ಆಸುಪಾಸು ತೋರಿಸಿದ್ರ ಕಾಯಿಲ್ ಛಲೋ ಐತಿ, ಮೀಟರ್ ಏನೂ ತೋರಸಲಿಲ್ಲಾಂದ್ರ ಒಳಗ ಎಲ್ಲೋ ಹರದೈತಿ. ಕಾಯಿಲ್ ಛಲೋ ಐತಿ, ಹೊಸ ಸೆಲ್ ಐತಿ, ಆದ್ರೂ ಮುಳ್ಳು ಇದ್ದಲ್ಲೇ ನಡುಗಾಕತ್ತೈತಿ ಅಂದ್ರ ಖುಷಿ ಪಡ್ರಿ, ಸರ್ಕಿಟ್ ಕೆಲಸ ಮಾಡಾಕತ್ತೈತಿ, ಹಳೆ ಎಣ್ಣಿ ಅಂಟಾಗಿ ಗಾಲಿ ಹಿಡಕೊಂಡಾವ. ಇದಕ್ಕ ಕ್ವಾರ್ಟ್ಜ್ ಟೆಸ್ಟರ್ ಅಂತ ಸಣ್ಣ ಡಬ್ಬಿ ಬರ್ತೈತಿ, ವಾಚ್ ಅದರ ಮ್ಯಾಲ ಇಟ್ರ ಜೋರ್ ಪಲ್ಸ್ ಕೊಟ್ಟು ಗಾಲಿನ ಲಗೂ ಲಗೂ ತಿರಗಸ್ತೈತಿ, ಎಷ್ಟೋ ಸಲ ಅಷ್ಟಕ್ಕೇ ವಾಚ್ ಎದ್ದು ಕುಂದರ್ತೈತಿ. ಆದ್ರ ಅದು ತಾತ್ಪೂರ್ತಿ, ಹಳೆ ಎಣ್ಣಿ ಒಳಗೇ ಇರ್ತೈತಿ, ಸೆಲ್ ಜಲ್ದಿ ಮುಗೀತೈತಿ. ಪೂರಾ ಬಿಚ್ಚಿ ತೊಳಸೂದೇ ಖರೇ ಇಲಾಜು. ರಿಪೇರಿಯವರಿಗೆ ಮೊದಲೇ ಹೇಳ್ರಿ, "ಮಷಿನ್ ಬದಲಿ ಮಾಡಬ್ಯಾಡ್ರಿ, ಇದೇ ಮಷಿನ್ ಸರ್ವಿಸ್ ಮಾಡ್ರಿ, ಆಗಲಿಲ್ಲಾಂದ್ರ ಹಂಗೇ ವಾಪಸ್ ಕೊಡ್ರಿ" ಅಂತ. ಇದನ್ನ ಬಾಯಿಬಿಟ್ಟು ಹೇಳದಿದ್ರ ಅವರು ತಮಗ ಸಲೀಸಾದ ದಾರಿ ಹಿಡೀತಾರ, ಅದರಾಗ ಅವರ ತಪ್ಪೂ ಇಲ್ಲ, ಉಳದ ಗಿರಾಕಿಗೆಲ್ಲಾ ವಾಚ್ ನಡದ್ರ ಸಾಕಾಗಿರ್ತೈತಿ.

ಸೋರಿದ ಸೆಲ್ಲಿನ ಪಾಚಿ ತಗಿಯಾಕ ಹಲ್ಲುಕಡ್ಡಿಗೆ ಸ್ವಲ್ಪ ಹತ್ತಿ ಸುತ್ತಿ, ವಿನೆಗರ್ ಇಲ್ಲಾಂದ್ರ ಲಿಂಬಿಹಣ್ಣಿನ ರಸದಾಗ ಅದ್ದಿ, ಹಿಂಡಿ, ತೊಟ್ಟಿಕ್ಕದಂಗ ನೋಡ್ಕೊಂಡು ಪಾಯಿಂಟ್ ಒರಸಬೇಕು. ಆ ಪಾಚಿ ಕ್ಷಾರ, ಹುಳಿ ಹತ್ತಿದಕೂಡ್ಲೆ ಸಡಲ ಆಗ್ತೈತಿ. ಆಮ್ಯಾಲ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಇನ್ನೊಂದು ಹತ್ತಿಯಿಂದ ಒರಸಿ ಪೂರಾ ಒಣಗಾಕ ಬಿಡ್ರಿ, ಹುಳಿ ಒಳಗ ಉಳದ್ರ ಅದೇ ಮತ್ತ ತುಕ್ಕು ಹಿಡಸ್ತೈತಿ.

ಸೆಲ್ ವಿಷಯದಾಗ ಕಂಜೂಸಿ ಮಾಡಬ್ಯಾಡ್ರಿ. ಸೆಲ್ ಮ್ಯಾಲ ಎಸ್‌ಆರ್ ಅಂತ ಇದ್ರ ಸಿಲ್ವರ್ ಆಕ್ಸೈಡ್, 1.55 ವೋಲ್ಟ್ ಕಡೀ ತನಕ ಹೆಚ್ಚುಕಡಿಮಿ ಒಂದೇ ಸಮ ಕೊಡ್ತೈತಿ. ಎಲ್‌ಆರ್ ಇಲ್ಲಾಂದ್ರ ಎಜಿ ಅಂತ ಇದ್ರ ಆಲ್ಕಲೈನ್, ಆಟಿಗಿ ಸಾಮಾನಿಗೆ ಹಾಕೂವು, ವೋಲ್ಟೇಜ್ ಇಳಕೋತ ಹೋಗ್ತೈತಿ, ಸೋರೂದೂ ಜಾಸ್ತಿ. ಎರಡೂ ಸೈಜ್ ಒಂದೇ ಇರೂದ್ರಿಂದ ಭಾಳ ಕಡೆ ಕೇಳದ ಎಲ್‌ಆರ್ ಹಾಕಿಬಿಡ್ತಾರ. ಅಂಗಡ್ಯಾಗ ನಂಬರ್ ಹೇಳಿ ಕೇಳ್ರಿ: 377, 371, 394, 301 ಹಿಂಗ. 7546, 7548ದಂಥ ದಪ್ಪ ಮಷಿನ್‌ಗೆ 301, 7ಎ28ಕ್ಕ 394. 377 ಎಲ್ಲಾ ಕಡೆ ಸಿಗ್ತೈತಿ, 301, 394 ಸಣ್ಣ ಊರಾಗ ಸಿಗೂದು ಕಷ್ಟ, ಹುಬ್ಬಳ್ಳಿಗೆ ಬಂದಾಗ ನಾಕೈದು ತೊಗೊಂಡು ಇಟ್ಕೋರಿ.

ಡಿಜಿಟಲ್ ಕೂಡಿಸೋರಿಗೆ ಸ್ವಲ್ಪ. ಸೀಕೊದವರು ಆರ ಅಂಕಿ ತೋರಸೋ ಎಲ್‌ಸಿಡಿ ವಾಚ್ 1973ರಾಗ ಬಿಟ್ರು, ಕ್ಯಾಸಿಯೊದ ಮೊದಲ ವಾಚ್ ಕ್ಯಾಸಿಯೊಟ್ರಾನ್ 1974ರಾಗ ಬಂತು. ಇಲ್ಲಿ ಗಾಲಿನೂ ಇಲ್ಲ ಕಾಯಿಲ್ಲೂ ಮುಖ್ಯ ಅಲ್ಲ, ಡಿಸ್‌ಪ್ಲೇನೇ ಎಲ್ಲಾ. ಮೂಲ್ಯಾಗ ಮಸಿ ಹರದಂಗ ಕಪ್ಪು ಕಂಡ್ರ ಎಲ್‌ಸಿಡಿ ಒಡದೈತಿ, ಬಿಟ್ಟುಬಿಡ್ರಿ. ಬರೇ ಅಂಕಿ ಅರ್ಧಾ ಬರ್ಧಾ ಕಾಣ್ತಾವ ಅಂದ್ರ ಒಳಗಿನ ರಬ್ಬರ್ ಕನೆಕ್ಟರ್ ಹೊಲಸಾಗಿರ್ತೈತಿ, ಆಲ್ಕೋಹಾಲಿನಿಂದ ಒರಸಿದ್ರ ಬರ್ತಾವ. ಹೊಸ ಸೆಲ್ ಹಾಕಿದ್ರೂ ಕ್ಯಾಸಿಯೊ ಎಚ್ಚರ ಆಗಲಿಲ್ಲಾಂದ್ರ ಮಾಡ್ಯೂಲ್ ಮ್ಯಾಲ ಎಸಿ ಅಂತ ಬರದ ಜಾಗ ಹುಡುಕ್ರಿ, ಆ ಪಾಯಿಂಟಿಗೂ ಸೆಲ್ಲಿನ ಪ್ಲಸ್ ಮೈಗೂ ಚಿಮಟಾ ಒಂದೆರಡು ಸೆಕೆಂಡ್ ಕೂಡಿಸಿ ಹಿಡೀರಿ, ಎಲ್ಲಾ ಅಂಕಿ ಒಮ್ಮೆ ಮೂಡಿ ಹೊಸದಾಗಿ ಶುರು ಆಗ್ತೈತಿ. ಈ ಒಂದು ಕೆಲಸ ಮಾಡದ ಎಷ್ಟೋ ಕ್ಯಾಸಿಯೊ ಕಸಕ್ಕ ಹೋಗ್ಯಾವ ಅಂತ ನೆನಸಿದ್ರ ಹೊಟ್ಟಿ ಉರೀತೈತಿ.

ರೇಟ್ ಕೇಳಿದ್ರ, ನಿಂತ ವಾಚಿಗೆ ನಾನು ಐದುನೂರರ ಮ್ಯಾಲ ಹೋಗೂದಿಲ್ಲ, ನಂಬರ್ ಏನೇ ಇರಲಿ, ಯಾಕಂದ್ರ ಸರ್ವಿಸ್ ಖರ್ಚು ಇನ್ನೂ ಮುಂದ ಐತಿ. ನಡಿಯೋ ವಾಚಾದ್ರ ಡಯಲ್ ನೋಡಿ ರೇಟ್ ಮಾಡ್ರಿ, ಗಾಜಿನ ಗೀರು ನೋಡಿ ಹೆದರಬ್ಯಾಡ್ರಿ, ಗಾಜು ಹೊಸಾದು ಸಿಗ್ತೈತಿ, ಡಯಲ್ ಸಿಗೂದಿಲ್ಲ. ಹೊಳೀಲಿ ಅಂತ ಕೇಸ್ ಪಾಲಿಶ್ ಮಾಡಸೂದು ಬ್ಯಾಡೇ ಬ್ಯಾಡ. ಕಿಂಗ್ ಕ್ವಾರ್ಟ್ಜಿನಂಥ ವಾಚಿನ ಸೌಂದರ್ಯ ಇರೂದೇ ಆ ಚೂಪಾದ ಅಂಚಿನ್ಯಾಗ, ಮಷಿನ್‌ಗೆ ಹಿಡದ ಪಾಲಿಶ್ ಬಫ್ ಒಂದ್ ನಿಮಿಷದಾಗ ಅದನ್ನ ತಿಂದು ಗುಂಡಗ ಮಾಡ್ತೈತಿ, ಹೊಳ್ಳಿ ಬರಂಗಿಲ್ಲ. ಚೈನ್‌ನಾಗಿನ ಹೊಲಸು ಮಾತ್ರ ಸೋಪಿನ ಬಿಸಿನೀರಾಗ ಹಳೆ ಟೂತ್‌ಬ್ರಶ್ ಹಾಕಿ ತೊಳೀರಿ, ವಾಚಿನಿಂದ ಬಿಚ್ಚಿ.

ಆನ್‌ಲೈನ್ ಜಪಾನದಿಂದ ತರಸೋರು ಲಿಸ್ಟಿಂಗಿನ್ಯಾಗ ಜಂಕ್ ಅಂತ ಇದ್ರ ವಾಚ್ ಚೆಕ್ ಮಾಡಿಲ್ಲ, ವಾಪಸ್ ತೊಗೊಳ್ಳಂಗಿಲ್ಲ ಅಂತ ಅರ್ಥ ಮಾಡ್ಕೋರಿ. ಅದರಾಗ ಬರೇ ಸೆಲ್ ಮುಗದವೂ ಇರ್ತಾವ, ಕಾಯಿಲ್ ಹರದವೂ ಇರ್ತಾವ. ಒಂದ ನಂಬರಿನ ಮೂರ್ನಾಕು ಸತ್ತ ವಾಚ್ ಒಂದೇ ಲಾಟಿನ್ಯಾಗ ಬಂದ್ರ ಅದು ಒಂದು ಛಲೋ ವಾಚ್‌ಕಿಂತ ಉತ್ತಮ, ಒಂದರ ಕಾಯಿಲ್ ಇನ್ನೊಂದಕ್ಕ ಬರ್ತೈತಿ. ಏಜೆಂಟಿನ ಕಮಿಷನ್, ಪೋಸ್ಟ್, ಇಲ್ಲಿ ಬಂದ ಮ್ಯಾಲ ಕಸ್ಟಮ್ಸ್, ಮೂರೂ ಸೇರಿಸಿ ಲೆಕ್ಕಾ ಹಾಕಿ ಆಮ್ಯಾಲ ಬಿಡ್ ಮಾಡ್ರಿ.

ಟೈಮ್ ಬರೋಬರಿ ಐತೇನು ಅಂತ ಮೊಬೈಲ್ ಟೈಮಿಗೆ ಕೂಡಿಸಿ ಇಟ್ಟು ಒಂದು ತಿಂಗಳು ಬಿಟ್ಟು ನೋಡ್ರಿ. ಸಾದಾ ಕ್ವಾರ್ಟ್ಜ್ ತಿಂಗಳಿಗೆ 15 ಸೆಕೆಂಡ್ ಹಿಂದ ಮುಂದ ಆದ್ರ ಅದು ಸರಿನೇ ಐತಿ. ಡಯಲ್ ಮ್ಯಾಲ ಟ್ವಿನ್ ಕ್ವಾರ್ಟ್ಜ್ ಅಂತ ಇದ್ರ ಕತಿ ಬ್ಯಾರೆ, ಸೀಕೊದವರು 1978ರಾಗ ತಂದದ್ದು, ಒಳಗ ಎರಡು ಹರಳು, ಒಂದು ಟೈಮ್ ಕೊಡ್ತೈತಿ, ಇನ್ನೊಂದು ಬಿಸಿ ತಂಪು ತಿಳಕೊಂಡು ಮೊದಲಿಂದನ್ನ ತಿದ್ದತೈತಿ. ಕಿಂಗ್ ಟ್ವಿನ್ ವರ್ಷಕ್ಕ 20 ಸೆಕೆಂಡ್ ಹಿಂದ ಮುಂದ, ಗ್ರ್ಯಾಂಡ್ ಟ್ವಿನ್ 10, ಸುಪೀರಿಯರ್ 5, ಇದು ಆ ಕಾಲದ ಲೆಕ್ಕ. ಗದಗಿನ ಏಪ್ರಿಲ್ ಬಿಸಲಿನ್ಯಾಗೂ ಧಾರವಾಡದ ಜಿಟಿಜಿಟಿ ಮಳ್ಯಾಗೂ ಒಂದೇ ಟೈಮ್ ತೋರಸೋ ಆ ಹಳೆ ಮಷಿನ್ ಕೈಯಾಗ ಕಟ್ಕೊಂಡ್ರ ಆಗೋ ಸಂತೋಷ ಬ್ಯಾರೇನೇ. ಕೆಲವು ಹಳೆ ಮಷಿನ್ ಮ್ಯಾಲ ಸಣ್ಣ ಸ್ಕ್ರೂ ಹಂಗ ಟ್ರಿಮ್ಮರ್ ಇರ್ತೈತಿ, ಟೈಮ್ ಹೆಚ್ಚುಕಡಿಮಿ ಮಾಡಾಕ, ಟೈಮ್ ಅಳಿಯೋ ಮೀಟರ್ ಇಲ್ಲದ ಅದನ್ನ ಮುಟ್ಟಬ್ಯಾಡ್ರಿ.

ಮಳಿಗಾಲದಾಗ ಇವನ್ನ ಕಟ್ಕೊಂಡು ಬೈಕ್ ಮ್ಯಾಲ ಹೋಗಬ್ಯಾಡ್ರಿ. ಹಿಂದಿನ ಮುಚ್ಚಳದಾಗ 150 ಮೀಟರ್ ವಾಟರ್ ರೆಸಿಸ್ಟ್ ಅಂತ ಬರದಿದ್ರೂ ಒಳಗಿನ ರಬ್ಬರ್ ರಿಂಗಿಗೆ ನಲವತ್ತು ವರ್ಷ ಆಗೇತಿ, ಒಣಗಿ ತುಂಡಾಗಿರ್ತೈತಿ. ಸೆಲ್ ಹಾಕಿಸುವಾಗಲೇ ರಿಂಗ್ ಬದಲಿ ಮಾಡಸ್ರಿ. ಕಟ್ಟದ ಇಡೋ ವಾಚಿನ ಸೆಲ್ ತಗದಿಡ್ರಿ, ಡಬ್ಬಿಯೊಳಗ ಸಿಲಿಕಾ ಜೆಲ್ ಪುಡಕಿ ಹಾಕ್ರಿ, ಶೂ ಡಬ್ಬಿಯಾಗ ಬಂದದ್ದೂ ನಡೀತೈತಿ. ಪ್ರತಿ ವಾಚಿಗೂ ಒಂದು ಸಣ್ಣ ಚೀಟಿ ಇಡ್ರಿ, ಮಷಿನ್ ನಂಬರ್, ಸೀರಿಯಲ್, ಯಾವ ಸೆಲ್, ಯಾವಾಗ ಹಾಕಿದ್ದು, ಯಾರ ಕಡೆಯಿಂದ ಬಂತು, ಅವರು ಎಲ್ಲಿ ಯಾವಾಗ ತೊಗೊಂಡಿದ್ರು. ಕಡೀ ಎರಡನ್ನ ವಾಚ್ ಕೈಗೆ ಬಂದ ದಿನಾನೇ ಕೇಳಿ ಬರ್ಕೋರಿ, ನಂಬರ್ ಯಾವಾಗ ಬೇಕಾದ್ರೂ ಮುಚ್ಚಳದ ಮ್ಯಾಲ ಓದಬಹುದು.